ಅನಾಥ ಎಂಬ ಮಾತಿನಲ್ಲಿ ಅವ್ವ ಎಲ್ಲಿದ್ದಾಳೆ?

ಅನಾಥ ಅಂದರೆ ಅಪ್ಪ ಅವ್ವ ಇಲ್ಲದವನು ಅಂತ ಶಾಲೆಯಲ್ಲಿ ನಮಗೆಲ್ಲ ಕಲಿಸಿದರು. ಬರೆದುಕೊಂಡೆವು, ಬಾಯಿಪಾಠ ಮಾಡಿದೆವು. ಆದರೆ ಪದ ಬಿಡಿಸಿ ನೋಡಿದರೆ ಅದರೊಳಗೆ ಅಪ್ಪನೂ ಇಲ್ಲ, ಅವ್ವನೂ ಇಲ್ಲ. ನಾಥ ಅಂದರೆ ಒಡೆಯ, ಧಣಿ, ಯಜಮಾನ. ಒಡೆಯನಿಲ್ಲದವನು ಅನಾಥ. ಸಂಸ್ಕೃತದ ಕಾವ್ಯಗಳಲ್ಲಿ ಗಂಡ ಸತ್ತ ರಾಣಿ ಎದೆ ಬಡಕೊಂಡು ತಾನು ಅನಾಥಳಾದೆ ಅಂತ ಅಳುತ್ತಾಳೆ. ಅವಳ ಅಪ್ಪ ಅವ್ವ ತವರಿನಲ್ಲಿ ಗಟ್ಟಿಮುಟ್ಟಾಗಿ ಇದ್ದರೂ ಅವಳು ಅನಾಥೆಯೇ. ರಾಜ ಸತ್ತ ರಾಜ್ಯ ಅನಾಥ. ಹೆಂಡತಿ, ರಾಜ್ಯ, ಇವುಗಳ ಸಾಲಿನಲ್ಲೇ ಕೂಸನ್ನೂ ತಂದು ನಿಲ್ಲಿಸಿದ್ದಾರೆ. ಈ ಸಾಲಿನಲ್ಲಿ ನಿಂತವರಿಗೆಲ್ಲ ಒಂದೇ ಗುಣ: ಯಾರದೋ ಸ್ವತ್ತಾಗಿರಬೇಕು. ಸ್ವತ್ತಿಗೆ ಮಾಲೀಕ ಇಲ್ಲದಾಗ ಪಂಡಿತರಿಗೆ ಕಣ್ಣೀರು ಬಂತು, ಒಂದು ಪದ ಹುಟ್ಟಿತು.

ಇದೇನು ವ್ಯಾಕರಣದ ಜಗಳ ಅಂತ ಗೆಳೆಯರು ಕೇಳಬಹುದು. ವ್ಯಾಕರಣ ನಮಗೆ ಬೇಕಾಗಿಲ್ಲ. ಒಂದು ಕೂಸನ್ನು ಏನಂತ ಕರೀತೀವಿ ಅನ್ನೋದರ ಮೇಲೆ ನಾಳೆ ಅದನ್ನು ಕೇಳಿಕೊಂಡು ಬರುವವರು ಯಾರು ಅನ್ನೋದು ತೀರ್ಮಾನ ಆಗುತ್ತದೆ. ನಮಗೆ ಬೇಕಾಗಿರೋದು ಅದು.

ನಮ್ಮ ಸಿರಿಗೇರಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಸೀಮೆಯ ಊರು. ಕನ್ನಡ, ತೆಲುಗು, ಉರ್ದು ಮೂರೂ ಒಂದೇ ಹೋಟ್ಲಿನಲ್ಲಿ ಕುಂತು ಚಾ ಕುಡಿಯುವ ಕಡೆ. ಊರ ಹೆಸರಿನಲ್ಲೇ ಸಿರಿಯೂ ಐತಿ, ಕೇರಿಯೂ ಐತಿ ಅಂತ ನಮ್ಮ ಕಿವಿಗೆ ಕೇಳುತ್ತದೆ. ಹೆಸರು ಹುಟ್ಟಿದ ಬಗೆ ಬೇರೆ ಇದ್ದೀತು. ಅವೆರಡೂ ಒಂದೇ ಓಣಿಯಲ್ಲಿ ಇಲ್ಲ ಅನ್ನೋದು ಮಾತ್ರ ಖರೆ. ಇಂಥ ಊರುಗಳಲ್ಲಿ ಅಪ್ಪ ಅವ್ವ ಸತ್ತ ಹುಡುಗನಿಗೆ ಇರುವ ಹೆಸರು ಒಂದೆರಡಲ್ಲ. ಸಿಟ್ಟು ಬಂದಾಗ ಬೇವರ್ಸಿ ಅಂತಾರೆ. ಇದು ಪಾರ್ಸಿಯಿಂದ ಬಂದ ಕಚೇರಿ ಮಾತು. ಬೇವಾರಸು ಅಂದರೆ ವಾರಸುದಾರ ಇಲ್ಲದ್ದು. ಬೇವಾರಸು ಮಾಲು, ಬೇವಾರಸು ಜಮೀನು, ಬೇವಾರಸು ಹೆಣ. ಅಮಲ್ದಾರನ ದಫ್ತರದಲ್ಲಿ ಮಾಲಿಗೆ ಹಾಕಿದ ಷರಾ ಬೀದಿಗೆ ಬಂದು ಮನುಷ್ಯರ ಮಕ್ಕಳಿಗೆ ಬೈಗುಳ ಆಯಿತು. ಹಿಂದೀ ಸಿನಿಮಾದವರು ಹೇಳುವ ಲಾವಾರಿಸ್ ಕೂಡ ಇದರ ಒಡಹುಟ್ಟೇ.

ಸಿಟ್ಟು ಕಡಿಮೆ ಇದ್ದರೆ ಪರದೇಸಿ. ಬೇರೆ ದೇಶದವನು ಅಂತ ಅದರ ಅರ್ಥ. ಹುಟ್ಟಿದ ಊರಲ್ಲೇ, ಹುಟ್ಟಿದ ಗುಡಿಸಲಲ್ಲೇ ಇರುವ ಹುಡುಗ ಅಪ್ಪ ಸತ್ತ ಮಾರನೇ ದಿನ ಬೇರೆ ದೇಶದವನಾಗಿಬಿಡುತ್ತಾನೆ. ಅವನು ಎಲ್ಲಿಗೂ ಹೋಗಿಲ್ಲ, ಊರೇ ಅವನನ್ನು ಬಿಟ್ಟು ಹೋಗೈತಿ. ಕರುಣೆ ಬಂದರೆ ದಿಕ್ಕಿಲ್ಲದವನು. ತೆಲುಗಿನವರೂ ದಿಕ್ಕುಲೇನಿವಾಡು ಅಂತ ಅದೇ ಮಾತು ಆಡುತ್ತಾರೆ. ನಾಲ್ಕು ದಿಕ್ಕೂ ಇದ್ದಲ್ಲೇ ಇರುತ್ತವೆ, ಅವುಗಳಲ್ಲಿ ಒಂದರಿಂದಲೂ ಮನುಷ್ಯರು ಬರೋದಿಲ್ಲ ಅಷ್ಟೆ.

ತಬ್ಬಲಿ ಅಂತ ಒಂದು ಮಾತುಂಟು. ಗೋವಿನ ಹಾಡು ಕೇಳಿ ಬೆಳೆದವರಿಗೆ ಅದು ಕರುವಿನ ಮಾತು. ನಿಘಂಟಿನವರು ಅದರ ಬೇರು ಎಲ್ಲಿಗಾದರೂ ಒಯ್ಯಲಿ, ನಮ್ಮ ಕಿವಿಗೆ ಅದು ಯಾರಾದರೂ ತಬ್ಬಲಿ ಅನ್ನುವ ಬೇಡಿಕೆ ಹಾಗೇ ಕೇಳುತ್ತದೆ. ಇಷ್ಟು ಮಾತುಗಳ ಒಳಗೆ ಮೈಯ ಬಿಸಿ ಇರೋದು ಇದೊಂದರಲ್ಲೇ. ಮಿಕ್ಕವೆಲ್ಲ ಮಾಲೀಕ, ವಾರಸ, ನೆಲ ಇವುಗಳ ಲೆಕ್ಕ.

ಯುರೋಪಿನವರೇನು ಕಡಿಮೆ ಅಲ್ಲ. ಇಂಗ್ಲಿಷಿನವರು ಆರ್ಫನ್ ಅಂತಾರಲ್ಲ, ಅದು ಗ್ರೀಕಿನಿಂದ ಬಂದದ್ದು. ಭಾಷೆಯ ಬೇರು ಹುಡುಕುವವರು ಅದರ ಸಂಬಂಧಿಕರನ್ನು ತೋರಿಸಿಕೊಟ್ಟಿದ್ದಾರೆ. ಜರ್ಮನ್ನಿನ ಎರ್ಬೆ, ಅಂದರೆ ಪಿತ್ರಾರ್ಜಿತ ಆಸ್ತಿ, ಅದೇ ಬೇರಿನದು. ನಮ್ಮ ಪುಸ್ತಕಗಳಲ್ಲಿ ಕೂಸಿಗೆ ಹೇಳುವ ಅರ್ಭಕ ಕೂಡ ಅದರದೇ ಕುಲ. ಸ್ಲಾವ್ ಭಾಷೆಗಳಲ್ಲಿ ಅದೇ ಬೇರು ರಬ್ ಆಯಿತು, ಅಂದರೆ ಗುಲಾಮ. ಅದರಿಂದ ರೊಬೋತ, ಅಂದರೆ ಧಣಿಯ ಹೊಲದಲ್ಲಿ ಮಾಡುವ ಬಿಟ್ಟಿ ಚಾಕರಿ. ಚೆಕ್ ಲೇಖಕ ಕರೆಲ್ ಚಾಪೆಕ್ 1920ರಲ್ಲಿ ಒಂದು ನಾಟಕ ಬರೆದು, ಮನುಷ್ಯನ ಬದಲು ದುಡಿಯುವ ಕೃತಕ ಆಳುಗಳಿಗೆ ಆ ಬಿಟ್ಟಿ ಚಾಕರಿಯ ಹೆಸರಿಟ್ಟ. ಇವತ್ತು ಮಕ್ಕಳು ಆಡುವ ರೋಬೋಟು ಅದೇ. ಕೂಸು, ಅಪ್ಪ ಅವ್ವ ಇಲ್ಲದವನು, ಆಸ್ತಿ, ಗುಲಾಮ, ಬಿಟ್ಟಿ, ಎಲ್ಲ ಒಂದೇ ಬೇರು! ವಿದ್ವಾಂಸರು ಇದನ್ನು ಬೆರಗಿನಿಂದ ಬರೆಯುತ್ತಾರೆ. ನಮ್ಮ ಕೇರಿಯ ಯಾವ ಮುದುಕನನ್ನು ಕೇಳಿದ್ದರೂ ಪುಸ್ತಕ ಇಲ್ಲದೆ ಹೇಳುತ್ತಿದ್ದ.

ಯಾಕೆಂದರೆ ನಮ್ಮ ಕೇರಿಗಳಲ್ಲಿ ಪದದ ನಿಜವಾದ ಅರ್ಥದ ಅನಾಥರು ಇರಲೇ ಇಲ್ಲ. ಎಲ್ಲರಿಗೂ ಒಬ್ಬ ನಾಥ ಇದ್ದ. ಅಪ್ಪ ಸತ್ತು ಮಣ್ಣು ಕೊಟ್ಟು ಬರೋದರೊಳಗೆ ಧಣಿಯ ಕಡೆಯಿಂದ ಆಳು ಬಂದು ನಿಂತಿರುತ್ತಿದ್ದ. ಮದುವೆಗೆ ತಗೊಂಡದ್ದು ಇಷ್ಟು, ಜೋಳಕ್ಕೆ ಇಷ್ಟು, ಬಡ್ಡಿ ಇಷ್ಟು. ಅಪ್ಪನ ಜಾಗಕ್ಕೆ ಹುಡುಗ ದನ ಕಾಯಲು ಹೋದ. ಅವನಿಗೆ ಉಣ್ಣಲು ಅಂಬಲಿ ಇತ್ತು, ಮಲಗಲು ಕೊಟ್ಟಿಗೆ ಇತ್ತು, ಹೊಡೆಯಲು ಕೈ ಇತ್ತು. ಶಾಸ್ತ್ರದ ಪ್ರಕಾರ ಅವನು ಸನಾಥ. ಕೇಂದ್ರ ಸರ್ಕಾರ 1975ರ ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆ ತಂದು, 1976ರಲ್ಲಿ ಜೀತಪದ್ಧತಿ ರದ್ದು ಮಾಡುವ ಕಾಯ್ದೆ ಮಾಡಿತು. ಜೀತ ಅಂದರೆ ಏನು ಅಂತ ವಿವರಿಸುವಾಗ ಆ ಕಾಯ್ದೆ, ವಾರಸಿನಿಂದ ಮೇಲೆ ಬಿದ್ದ ಋಣಕ್ಕಾಗಿ ದುಡಿಯುವುದನ್ನೂ ಹೆಸರಿಸಿ ಹೇಳುತ್ತದೆ. ಮೇಲ್ಜಾತಿಯವರ ಮನೆಯಲ್ಲಿ ಅಪ್ಪ ಸತ್ತರೆ ಮಗನಿಗೆ ಹೊಲ ಬರುತ್ತಿತ್ತು, ನಮ್ಮವನಿಗೆ ಹೊಲದೊಳಗಿನ ಗೆಯ್ಮೆ ಬರುತ್ತಿತ್ತು. ಬೇವರ್ಸಿ ಅಂತ ಬೈಸಿಕೊಂಡ ಹುಡುಗನೇ ಊರಲ್ಲಿ ದೊಡ್ಡ ವಾರಸುದಾರ!

ಇನ್ನು ಧರ್ಮಶಾಸ್ತ್ರಕ್ಕೆ ಬರೋಣ. ಮನುಸ್ಮೃತಿಯ ಒಂಬತ್ತನೇ ಅಧ್ಯಾಯದಲ್ಲಿ ಹನ್ನೆರಡು ಬಗೆಯ ಗಂಡುಮಕ್ಕಳ ಪಟ್ಟಿ ಇದೆ. ಆರು ಬಗೆಯವರಿಗೆ ಆಸ್ತಿಯ ಹಕ್ಕು, ಇನ್ನಾರು ಬಗೆಯವರು ಬರೀ ನೆಂಟರು. ಅಪ್ಪ ಅವ್ವ ಸತ್ತು, ಇಲ್ಲವೆ ಕಾರಣವಿಲ್ಲದೆ ಅವರಿಂದ ದೂಡಿಸಿಕೊಂಡು, ತಾನಾಗಿಯೇ ಇನ್ನೊಬ್ಬನ ಮನೆಗೆ ಹೋಗಿ ನಾನು ನಿನ್ನ ಮಗ ಅಂತ ತನ್ನನ್ನು ಕೊಟ್ಟುಕೊಳ್ಳುವ ಹುಡುಗನಿಗೆ ಸ್ವಯಂದತ್ತ ಅಂತ ಹೆಸರು. ಅವನು ಆಸ್ತಿಯಿಲ್ಲದ ಆರು ಜನರ ಸಾಲಿನಲ್ಲಿದ್ದಾನೆ. ಅವನ ಪಕ್ಕದಲ್ಲೇ, ಅದೇ ಶ್ಲೋಕದಲ್ಲಿ, ಕುಂತವನು ಯಾರು? ಶೂದ್ರ ಹೆಂಗಸಿನ ಹೊಟ್ಟೆಯಲ್ಲಿ ಮೇಲ್ಜಾತಿಯವನಿಗೆ ಹುಟ್ಟಿದ ಮಗ. ತಂದೆ ಸತ್ತವನನ್ನೂ, ತಂದೆ ಇದ್ದೂ ಒಲ್ಲೆ ಅಂದವನನ್ನೂ ಒಂದೇ ಚಾಪೆಯಲ್ಲಿ ಕೂರಿಸಿದ ಮನುವಿನ ಕಣ್ಣು ಚುರುಕಾದದ್ದೇ. ನಮ್ಮ ಬಳ್ಳಾರಿ ಜಿಲ್ಲೆಯ ಬಸವಿಯರ ಮಕ್ಕಳ ಪಾಡು ಬಲ್ಲವರಿಗೆ ಈ ಎರಡನೆಯವನು ಯಾರು ಅಂತ ಬಿಡಿಸಿ ಹೇಳಬೇಕಾಗಿಲ್ಲ. 1982ರ ಕರ್ನಾಟಕದ ದೇವದಾಸಿ ಕಾಯ್ದೆ ಮುತ್ತು ಕಟ್ಟುವುದನ್ನು ನಿಷೇಧಿಸಿತು. ಆದರೆ ಹುಟ್ಟಿದ ಕೂಸಿನ ಅಪ್ಪ ಯಾರು ಅನ್ನುವ ಪ್ರಶ್ನೆಯನ್ನು ಊರಿನ ಬಾಯಿಯಿಂದ ಕಿತ್ತುಕೊಳ್ಳಲು ಅದರಿಂದ ಆಗಲಿಲ್ಲ.

ದತ್ತು ತಗೊಳ್ಳೋದು ಇತ್ತಲ್ಲ, ಅದು ಇಂಥ ಮಕ್ಕಳಿಗಾಗಿಯೇ ಅಲ್ಲವೇ ಅಂತ ಒಳ್ಳೆಯವರು ಕೇಳುತ್ತಾರೆ. ದತ್ತ ಅಂದರೆ ಕೊಟ್ಟದ್ದು. ಕೊಡಬೇಕಾದರೆ ಕೊಡುವವರು ಬೇಕು. ಹಳೆಯ ಹಿಂದೂ ಕಾನೂನಿನಲ್ಲಿ ಮಗನನ್ನು ದತ್ತು ಕೊಡುವ ಅಧಿಕಾರ ಇದ್ದದ್ದು ಹೆತ್ತ ಅಪ್ಪ ಅವ್ವನಿಗೆ ಮಾತ್ರ. ಹಾಗಾಗಿ ಅಪ್ಪ ಅವ್ವ ಇಬ್ಬರೂ ಸತ್ತ ಕೂಸನ್ನು ದತ್ತು ತಗೊಳ್ಳೋದಕ್ಕೆ ಬರುತ್ತಿರಲಿಲ್ಲ! ತಮಾಷೆ ಅಲ್ಲ, ನ್ಯಾಯಾಲಯಗಳು ಹಾಗೇ ತೀರ್ಪು ಕೊಡುತ್ತಿದ್ದವು. 1956ರ ಹಿಂದೂ ದತ್ತಕ ಕಾಯ್ದೆ ಬಂದಮೇಲೆ ಕೋರ್ಟಿನ ಅನುಮತಿ ಪಡೆದು ಪೋಷಕ ಕೊಡಬಹುದು ಅಂತಾಯಿತು. ಅಲ್ಲಿಯವರೆಗೆ ದತ್ತು ಇದ್ದದ್ದು ಮಗನಿಲ್ಲದ ಮನೆಗೆ, ಪಿಂಡ ಹಾಕುವವನಿಲ್ಲದ ಸತ್ತವನಿಗೆ. ಹಸಿದ ಕೂಸಿನ ಹೊಟ್ಟೆಗೂ ಅದಕ್ಕೂ ಸಂಬಂಧ ಇರಲಿಲ್ಲ.

ಯಹೂದಿಗಳ, ಮುಸಲ್ಮಾನರ ಗ್ರಂಥಗಳಲ್ಲಿ ಗಾಳಿ ಬೇರೆ ಬೀಸುತ್ತದೆ ಅನ್ನೋದನ್ನು ಒಪ್ಪಬೇಕು. ಹೀಬ್ರೂವಿನ ಯಾತೋಮ್, ಅರಬ್ಬಿಯ ಯತೀಮ್ ಎರಡೂ ಒಂದೇ ಮನೆಯ ಮಾತು. ಮನುಷ್ಯರ ಮಕ್ಕಳಲ್ಲಿ ಅಪ್ಪ ಸತ್ತವನು ಯತೀಮ್, ದನಕರುಗಳಲ್ಲಿ ತಾಯಿ ಸತ್ತದ್ದು ಯತೀಮ್. ಜೊತೆಯೇ ಸಿಗದಂಥ ಒಂಟಿ ಮುತ್ತಿಗೂ ಅರಬ್ಬಿಯಲ್ಲಿ ಅದೇ ಮಾತು. ಪೈಗಂಬರರು ಹುಟ್ಟುವ ಮೊದಲೇ ತಂದೆಯನ್ನು, ಆರರ ವಯಸ್ಸಿಗೆ ತಾಯಿಯನ್ನು ಕಳಕೊಂಡವರು. ಯತೀಮನ ಆಸ್ತಿ ನುಂಗುವವರು ಹೊಟ್ಟೆಗೆ ಬೆಂಕಿ ತುಂಬಿಕೊಳ್ಳುತ್ತಾರೆ ಅಂತ ಕುರಾನು ಎಚ್ಚರಿಸುತ್ತದೆ. ಮೊಹರಮ್ಮಿನ ದಿನ ಅಲಾಯಿ ಕುಣಿಯ ಸುತ್ತ ಕರ್ಬಲಾದ ಪದ ಹೇಳಿ ತಂದೆ ಸತ್ತ ಮಕ್ಕಳಿಗಾಗಿ ಅಳುವವರಲ್ಲಿ ನಮ್ಮ ಕೇರಿಯವರೂ ಇದ್ದಾರೆ. ಆದರೆ ಒಂದು ಮಾತು. ನುಂಗಬಾರದು ಅನ್ನಲು ಮೊದಲು ಆಸ್ತಿ ಇರಬೇಕಲ್ಲ!

ಕನ್ನಡ ಬೈಬಲ್ಲಿಗೂ ನಮ್ಮ ಜಿಲ್ಲೆಗೂ ನಂಟಿದೆ. ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದು ಕನ್ನಡ ಕಲಿತು ಅದರ ಅನುವಾದಕ್ಕೆ ಕೈಹಾಕಿದ. ಅದರ ಹಳೆಯ ಒಡಂಬಡಿಕೆಯಲ್ಲಿ ನಮಗೆ ಬಹಳ ಹಿಡಿಸುವ ಒಂದು ಕಟ್ಟಳೆ ಇದೆ. ಸುಗ್ಗಿಯಲ್ಲಿ ಹೊಲದಲ್ಲಿ ಮರೆತು ಬಿಟ್ಟ ಸಿವುಡನ್ನು ತಿರುಗಿ ಹೋಗಿ ತರಬೇಡ, ಅದು ಪರದೇಶದವನದು, ತಂದೆ ಇಲ್ಲದವನದು, ಗಂಡ ಸತ್ತವಳದು ಅನ್ನುವ ಅರ್ಥದ್ದು. ನಮ್ಮ ಸೀಮೆಯಲ್ಲಿ ತುಂಗಭದ್ರೆಯ ಕಾಲುವೆ ನೀರಿನ ಭತ್ತದ ಗದ್ದೆಗಳಿವೆ. ಕೊಯ್ಲು ಆದಮೇಲೆ ಕೇರಿಯ ಹೆಂಗಸರು ಮಕ್ಕಳು ಹಕ್ಕಲು ಆಯುತ್ತಿದ್ದರು. ಹಕ್ಕಲು ಎಂಬ ಮಾತಿನ ಪಕ್ಕದಲ್ಲೇ ಹಕ್ಕು ಎಂಬ ಮಾತೂ ಕೇಳಿಸುತ್ತದೆ. ಆದರೆ ಗದ್ದೆಯ ಬದುವಿನ ಮೇಲೆ ನಿಂತವನು ಅದನ್ನು ಹಕ್ಕು ಅಂತ ಯಾವತ್ತೂ ಅನ್ನಲಿಲ್ಲ. ಬೈದರೆ ಓಡಬೇಕು, ಸುಮ್ಮನಿದ್ದರೆ ಆಯಬೇಕು. ಈಗ ಕೊಯ್ಯಲು ಮಷಿನ್ನು ಬಂದಮೇಲೆ ಅದರ ಬಾಯಿಂದ ಉಳಿಯುವುದೂ ಕಡಿಮೆ ಆಯಿತು. ಮೋಶೆಯ ಕಟ್ಟಳೆ ಬರೆದವರಿಗೆ ಈ ಮಷಿನ್ನು ಗೊತ್ತಿರಲಿಲ್ಲ.

ಇದೇ ಬಳ್ಳಾರಿ ಜಿಲ್ಲೆಯಲ್ಲಿ 1876ರಿಂದ 78ರವರೆಗೆ ಧಾತು ಈಶ್ವರ ಬರ ಬಂದಾಗ ಸುಮಾರು ಐದರಲ್ಲಿ ಒಂದು ಪಾಲು ಜನ ಕಡಿಮೆಯಾದರು. ಮದ್ರಾಸು ಪ್ರಾಂತ್ಯದ ಮಿಶನ್ನುಗಳು ಬರದಲ್ಲಿ ಉಳಿದ ಮಕ್ಕಳಿಗೆ ಅನಾಥಶಾಲೆ ತೆರೆದವು. ಅನ್ನ ಕೊಟ್ಟು ಜಾತಿ ಕೆಡಿಸಿದರು ಅಂತ ಮೇಲ್ಜಾತಿಯ ಮಂದಿ ಇಂದಿಗೂ ಗೊಣಗುತ್ತಾರೆ. ಸಾಯುವ ಕೂಸಿನ ಬಾಯಲ್ಲಿ ಜಾತಿ ಇತ್ತೋ ಗಂಜಿ ಇತ್ತೋ ಅಂತ ಅವರನ್ನು ಕೇಳಬೇಕು.

ದೇವರ ವಿಷಯಕ್ಕೆ ಬಂದರೆ ಮಾತು ತಲೆಕೆಳಗಾಗುತ್ತದೆ ನೋಡ್ರಿ. ದೇವರಿಗೆ ಅಪ್ಪ ಅವ್ವ ಇಲ್ಲ ಅಂದರೆ ಅದು ಸ್ತುತಿ. ಸ್ವಯಂಭು, ಅಯೋನಿಜ, ಅನಾದಿ ಅಂತ ಕೈ ಮುಗಿಯುತ್ತಾರೆ. ಅದೇ ಮಾತನ್ನು ಕೇರಿಯ ಹುಡುಗನಿಗೆ ಹೇಳಿದರೆ ಅವನು ಕಲ್ಲು ತಗೊಳ್ಳುತ್ತಾನೆ. ಹುಟ್ಟು ಗೊತ್ತಿಲ್ಲದಿರೋದು ಗುಡಿಯ ಒಳಗೆ ಮಹಿಮೆ, ಗುಡಿಯ ಹೊರಗೆ ಮೈಲಿಗೆ. ಆ ಅಪ್ಪ ಇಲ್ಲದ ದೇವರನ್ನೇ ಅಪ್ಪ ಇಲ್ಲದವರಿಗೆ ಅಪ್ಪನನ್ನಾಗಿ ಮಾಡಿ ಅನಾಥನಾಥ, ದೀನಬಂಧು ಅಂತ ಹೆಸರಿಟ್ಟು, ಮನುಷ್ಯರು ಕೈ ತೊಳಕೊಂಡರು.

ಒಂದು ಕೂಸಿಗೆ ಮಾಡಿದ್ದನ್ನು ಒಂದು ಸಮುದಾಯಕ್ಕೂ ಮಾಡಬಹುದು ಅಂತ ನಮಗೆ ತೋರಿಸಿಕೊಟ್ಟ ಮಾತು ಹರಿಜನ. ಗಾಂಧೀಜಿ 1933ರ ಫೆಬ್ರುವರಿಯಲ್ಲಿ ಆ ಹೆಸರಿನ ಪತ್ರಿಕೆ ಶುರು ಮಾಡಿದರು. ಎಲ್ಲ ಧರ್ಮಗಳೂ ದೇವರನ್ನು ಗೆಳೆಯರಿಲ್ಲದವರ ಗೆಳೆಯ, ದಿಕ್ಕಿಲ್ಲದವರ ದಿಕ್ಕು ಅನ್ನುತ್ತವೆ, ಅಸ್ಪೃಶ್ಯರಷ್ಟು ದಿಕ್ಕಿಲ್ಲದವರು ಬೇರೆ ಯಾರು ಅನ್ನುವುದು ಅವರ ವಿವರಣೆಯ ಸಾರ. ಅವರ ಮನಸ್ಸಿನ ಒಳ್ಳೆಯತನದ ಬಗ್ಗೆ ನಮಗೆ ಜಗಳ ಇಲ್ಲ. ಆದರೆ ಲೆಕ್ಕ ನೋಡಿ: ಕೋಟಿಗಟ್ಟಲೆ ಜನರನ್ನು, ಅಪ್ಪ ಅವ್ವ ಕಣ್ಣೆದುರಿಗೆ ಬದುಕಿದ್ದವರನ್ನು, ಒಂದೇ ಮಾತಿನಲ್ಲಿ ಅನಾಥಾಲಯಕ್ಕೆ ಸೇರಿಸಿದಂತಾಯಿತು. ನಾವು ದೇವರ ಮಕ್ಕಳಾದರೆ ಉಳಿದವರು ಯಾರ ಮಕ್ಕಳು ಅಂತ ನಮ್ಮವರು ಆವತ್ತೇ ಕೇಳಿದರು. 1938ರ ಜನವರಿಯಲ್ಲಿ ಮುಂಬಯಿ ಶಾಸನಸಭೆಯಲ್ಲಿ ಈ ಪದವನ್ನು ಕಾನೂನಿನೊಳಗೆ ತರಹೊರಟಾಗ ಅಂಬೇಡ್ಕರ್ ತಮ್ಮ ಪಕ್ಷದವರ ಜೊತೆ ಎದ್ದು ಹೊರನಡೆದರು. ಕಾಗದಪತ್ರಗಳಲ್ಲಿ ಅದನ್ನು ಬಳಸಬೇಡಿ ಅಂತ ಕೇಂದ್ರ ಗೃಹಖಾತೆ ರಾಜ್ಯಗಳಿಗೆ ಹೇಳಲು 1982 ಬರಬೇಕಾಯಿತು. ತಮ್ಮ ಐದರ ವಯಸ್ಸಿಗೆ ತಾಯಿಯನ್ನು ಕಳಕೊಂಡು ಸೋದರತ್ತೆಯ ಕೈಯಲ್ಲಿ ಬೆಳೆದವರು ಅಂಬೇಡ್ಕರ್. ದಿಕ್ಕಿಲ್ಲದವನಿಗೆ ದಿಕ್ಕಾಗುತ್ತೇವೆ ಅಂತ ಬರುವವರ ಕೈಯಲ್ಲಿ ಏನಿರುತ್ತದೆ ಅಂತ ಅವರು ಬಲ್ಲರು.

ಹಾಗಾದರೆ ಅನಾಥ ಅನ್ನೋದನ್ನು ನಾವೇ ಹೆಮ್ಮೆಯಿಂದ ಎತ್ತಿಕೊಳ್ಳೋಣವೇ? ಒಡೆಯ ಇಲ್ಲದವರಾಗಬೇಕು ಅಂತಲೇ ಅಲ್ಲವೇ ನಮ್ಮ ಹೋರಾಟ? ಈ ವಾದ ನಮ್ಮ ಗೆಳೆಯರ ನಡುವೆ ಬಹಳ ನಡೆದಿದೆ. ಅದಕ್ಕೆ ಬುದ್ಧನ ಬೆಂಬಲವೂ ಇದೆ. ತನಗೆ ತಾನೇ ನಾಥ, ಬೇರೆ ನಾಥ ಯಾರು ಇದ್ದಾರು ಅನ್ನುವ ಅರ್ಥದ ಮಾತು ಧಮ್ಮಪದದಲ್ಲಿ ಬರುತ್ತದೆ. ಎರಡೂವರೆ ಸಾವಿರ ವರ್ಷಗಳ ಹಿಂದೆಯೇ ಆ ಪದದ ಬೆನ್ನು ಮುರಿದದ್ದು ಅದು. ಕೇರಿಯ ಗಂಡಸು ಹೆಂಗಸು ಇದನ್ನು ಕೇಳಿದಾಗ ಎದೆ ಸೆಟೆಯುತ್ತದೆ.

ಆದರೆ ಐದು ವರ್ಷದ ಕೂಸಿಗೆ ಹೋಗಿ ನಿನಗೆ ನೀನೇ ನಾಥ ಅಂತ ಹೇಳಿದರೆ ಅದು ಕ್ರೌರ್ಯ. ಅದರ ಮೂಗು ಒರೆಸುವವರು ಯಾರು? ಜ್ವರ ಬಂದ ರಾತ್ರಿ ಪಕ್ಕದಲ್ಲಿ ಮಲಗುವವರು ಯಾರು? ಇಲ್ಲಿ ನಮ್ಮ ಬಂಡಾಯವೂ ಸ್ವಲ್ಪ ನಿಂತು ಯೋಚಿಸಬೇಕು. ಯಾರ ಹಂಗೂ ಬೇಡ ಅನ್ನುವುದು ದುಡಿಯುವ ತೋಳಿನ ಮಾತು, ಕೂಸಿಗೆ ಹಂಗು ಬೇಕೇ ಬೇಕು. ಆ ಹಂಗು ಮುಂದೆ ಋಣವಾಗಿ, ಜೀತವಾಗಿ ಬೆಳೆಯದಂತೆ ಕೊಡುವುದು ಹೇಗೆ ಅನ್ನುವುದೇ ಪ್ರಶ್ನೆ. ಹುಟ್ಟಿದ ಏಳನೇ ದಿನಕ್ಕೆ ತಾಯಿ ಸತ್ತ ಬುದ್ಧನನ್ನೂ ಗೋತಮಿ ಎತ್ತಿ ಸಾಕಿದಳು. ಬೌದ್ಧರ ಕಥೆಯಲ್ಲಿ ಸೋಪಾಕ ಅಂತ ಒಬ್ಬ ಹುಡುಗ ಇದ್ದಾನೆ. ಆ ಹೆಸರೇ ಚಂಡಾಲ ಅನ್ನುವ ಅರ್ಥದ್ದು. ಅಪ್ಪ ಸತ್ತ ಅವನನ್ನು ಚಿಕ್ಕಪ್ಪ ಸುಡುಗಾಡಿಗೆ ಒಯ್ದು ಹೆಣಕ್ಕೆ ಕಟ್ಟಿ ಬರುತ್ತಾನೆ. ಬುದ್ಧ ಅಲ್ಲಿ ಅವನಿಗೆ ಆತ್ಮನೇ ನಾಥ ಅಂತ ಉಪದೇಶ ಮಾಡಿ ಮುಂದಕ್ಕೆ ಹೋಗಲಿಲ್ಲ. ಮೊದಲು ಕಟ್ಟು ಬಿಡಿಸಿ ಜೊತೆಗೆ ಕರಕೊಂಡ.

ಈಗಿನ ಕಾನೂನು ಏನನ್ನುತ್ತದೆ? 2015ರ ಬಾಲನ್ಯಾಯ ಕಾಯ್ದೆಯ ಪ್ರಕಾರ ಹೆತ್ತವರಾಗಲಿ ದತ್ತು ಪಡೆದವರಾಗಲಿ ಕಾನೂನುಬದ್ಧ ಪೋಷಕರಾಗಲಿ ಇಲ್ಲದ ಮಗು ಅನಾಥ. ಪೋಷಕ ಇದ್ದೂ ನೋಡಿಕೊಳ್ಳಲು ಒಲ್ಲದಿದ್ದರೆ, ಕೈಲಾಗದಿದ್ದರೆ ಆಗಲೂ ಅನಾಥ. ಕೈಲಾಗದವರು ಅನ್ನುವ ಮಾತು ಬಂದದ್ದು ದೊಡ್ಡದು. ಬಡತನಕ್ಕೂ ಸಾವಿಗೂ ನಡುವಿನ ಗೋಡೆ ಎಷ್ಟು ತೆಳ್ಳಗೆ ಅಂತ ಕಾನೂನಿಗೆ ಗೊತ್ತಾದಂತಿದೆ. ಆದರೆ 2021ರಲ್ಲಿ ಕೋವಿಡ್ಡಿಗೆ ಅಪ್ಪ ಅವ್ವನನ್ನು ಕಳಕೊಂಡ ಮಕ್ಕಳಿಗೆ ರಾಜ್ಯ ಸರ್ಕಾರ ತಿಂಗಳಿಗೆ 3,500 ರೂಪಾಯಿ ಘೋಷಿಸಿದಾಗ ಸಾವಿಗೂ ಜಾತಿ ಬಂತು. ಕೋವಿಡ್ಡಿಗೆ ಸತ್ತವರ ಮಕ್ಕಳು ಒಂದು ಕಡೆ. ಹಾವು ಕಡಿದು, ಕ್ಷಯ ಬಂದು, ಮಲಗುಂಡಿಗೆ ಇಳಿದು ಸತ್ತವರ ಮಕ್ಕಳು ಆ ಯೋಜನೆಯ ಹೊರಗೆ. ಆ ದುಡ್ಡು ಬೇಡವಾಗಿತ್ತು ಅನ್ನೋದಿಲ್ಲ, ಸಿಕ್ಕ ಮಕ್ಕಳಿಗೆ ಸಿಕ್ಕಿದ್ದು ಒಳ್ಳೆಯದೇ. ಹಸಿವಿಗೆ ಮಾತ್ರ ಅಪ್ಪ ಯಾವುದರಿಂದ ಸತ್ತ ಅನ್ನೋದು ಗೊತ್ತಾಗೋದಿಲ್ಲ.

ನಮ್ಮೂರಿಂದ ಬಹಳ ದೂರ ಇಲ್ಲದ ಆಂಧ್ರದಲ್ಲಿ ಇನ್ನೊಂದು ಬಗೆ ಇದೆ. ಅಲ್ಲಿನ ಹಿಂದುಳಿದ ವರ್ಗಗಳ ಪಟ್ಟಿಯ ‘ಎ’ ಗುಂಪಿನಲ್ಲಿ ಜಾತಿಗಳ ಹೆಸರುಗಳ ಜೊತೆಗೆ ಹತ್ತು ವರ್ಷದೊಳಗೆ ಅಪ್ಪ ಅವ್ವನನ್ನು ಕಳಕೊಂಡು, ನೋಡುವವರಿಲ್ಲದೆ, ಸರ್ಕಾರದ ಶಾಲೆ ಅನಾಥಾಲಯ ಸೇರಿದ ಮಕ್ಕಳೂ ಇದ್ದಾರೆ. ಮಹಾರಾಷ್ಟ್ರ 2018ರಲ್ಲಿ ಅವರಿಗೆ ನೂರಕ್ಕೆ ಒಂದರಷ್ಟು ಮೀಸಲಾತಿ ಕೊಟ್ಟಿತು. ಮನುವಿನ ಪಟ್ಟಿ ಆ ಹುಡುಗನನ್ನು ಶೂದ್ರಳ ಮಗನ ಪಕ್ಕ ಕೂರಿಸಿದ್ದು ಪಾಲು ತಪ್ಪಿಸಲಿಕ್ಕೆ, ಈ ಪಟ್ಟಿ ಕೂರಿಸಿದ್ದು ಪಾಲು ಕೊಡಲಿಕ್ಕೆ. ಅಲ್ಲಿ ಧರ್ಮದ, ದಯೆಯ ಮಾತಿಲ್ಲ. ನಮಗೆ ಅದು ಹಿಡಿಸುತ್ತದೆ.

ಕೇರಿಯಲ್ಲಿ ಅನಾಥ ಅನ್ನುವ ಮಾತನ್ನು ಬಳಸುವವರು ಕಡಿಮೆ. ಭಾಷಣ ಮಾಡಲು ಬಂದವರ ಬಾಯಲ್ಲೇ ಅದನ್ನು ಹೆಚ್ಚು ಕೇಳಿದ್ದೇವೆ. ಅಪ್ಪ ಅವ್ವ ಇಲ್ಲದ ಹುಡುಗನನ್ನು ಇಂಥವಳ ಮೊಮ್ಮಗ, ಇಂಥವಳ ಸಾಕುಮಗ ಅಂತ ಉಂಡ ಮನೆಯ ಹೆಸರಿನಿಂದಲೇ ಕರೆಯುತ್ತಾರೆ. ಶಾಲೆಗೆ ಸೇರಿಸುವ ದಿನ ತಂದೆಯ ಹೆಸರು ಅನ್ನುವ ಸಾಲಿಗೆ ಬಂದು ಬರೆಯುವವರ ಪೆನ್ನು ನಿಲ್ಲುತ್ತದೆ. ಅದರ ಕೆಳಗೆ ಪೋಷಕರು ಅಂತ ಇನ್ನೊಂದು ಸಾಲಿರುತ್ತದೆ. ಆ ಕೆಳಗಿನ ಸಾಲು ಮೇಲಕ್ಕೆ ಬರಬೇಕು, ಎಲ್ಲ ಮಕ್ಕಳ ಅರ್ಜಿಯಲ್ಲೂ ಅದೇ ಮೊದಲ ಪ್ರಶ್ನೆಯಾಗಬೇಕು ಅನ್ನುವುದು ನಮ್ಮ ಬೇಡಿಕೆ. ಇವನು ಯಾರ ಮಗನವ್ವಾ ಅಂತ ಕೇಳಿದರೆ ಹೆಬ್ಬೆಟ್ಟಿಗೆ ಮಸಿ ಹಚ್ಚಿಕೊಂಡು ನಿಂತ ಮುದುಕಿ ಆ ಪ್ರಶ್ನೆಗೆ ಉತ್ತರ ಕೊಡೋದಿಲ್ಲ. ನಾ ಸಾಕೀನ್ರೀ, ಎಲ್ಲಿ ಒತ್ತಬೇಕು ಹೇಳ್ರಿ ಅಂತಾಳೆ.